ಕ್ಯಾಸಿನೊ ಟೇಬಲ್‌ನಲ್ಲಿ ಮೋಸ ಆಯಿತು ಅನ್ನಿಸಿದರೆ ಏನು ಮಾಡಬೇಕು?

ಓದುಗರ ಪ್ರಶ್ನೆ: ಕಳೆದ ತಿಂಗಳು ಒಂದು ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜಾಕ್ ಆಡುತ್ತಿದ್ದೆ. 21 ದಾಟದೆ ಅದಕ್ಕೆ ಹತ್ತಿರ ಬಂದವರು ಗೆಲ್ಲುವ ಇಸ್ಪೀಟ್ ಎಲೆಗಳ ಆಟ ಅದು. ಮೊದಲು ಗೆಲ್ಲುತ್ತಿದ್ದೆ. ಎಲೆ ಹಂಚುವ ಡೀಲರ್ ಬದಲಾದ ಮೇಲೆ ಸತತವಾಗಿ ಒಂಬತ್ತು ಸುತ್ತು ಸೋತೆ. ಅದರಲ್ಲಿ ಒಂದು ಸಲ ನನ್ನ ಹತ್ತಿರ 20 ಇತ್ತು, ಡೀಲರ್ ಹತ್ತಿರ 19. ಆದರೂ ನನ್ನ ಚಿಪ್ಸ್ (ದುಡ್ಡಿನ ಬದಲು ಬಳಸುವ ಬಿಲ್ಲೆ) ಎಳೆದುಕೊಂಡರು ಅನ್ನಿಸಿತು. ಅಷ್ಟರಲ್ಲಿ ಎಲೆ ಎತ್ತಿಬಿಟ್ಟಿದ್ದರು, ನಾನು ಸುಮ್ಮನಾದೆ. ಪಕ್ಕದಲ್ಲಿ ಕೂತಿದ್ದವನು ಡೀಲರ್ ಜೊತೆ ಕಣ್ಣಲ್ಲೇ ಮಾತಾಡುತ್ತಿದ್ದ ಹಾಗಿತ್ತು. ಇದು ಮೋಸವಾ? ಹೀಗಾದರೆ ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದೇ ಗಂಟಾಗಿವೆ. ಒಂಬತ್ತು ಸಲ ಸೋತಿದ್ದು, 20 ಇದ್ದರೂ ದುಡ್ಡು ಹೋಗಿದ್ದು, ಪಕ್ಕದವನ ಕಣ್ಸನ್ನೆ. ಗಂಟು ಬಿಡಿಸಿ ಒಂದೊಂದಾಗಿ ನೋಡೋಣ. ಮೂರರಲ್ಲಿ ನೀವು ಅರ್ಧಂಬರ್ಧ ಹೇಳಿ ಬಿಟ್ಟಿರುವ ಆ 20-19ರ ಸುತ್ತೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು.

ನಾನು ಎಂಟು ವರ್ಷ ಡೀಲರ್ ಆಗಿ ಎಲೆ ಹಾಕಿದ್ದೇನೆ. ಆಮೇಲೆ ಆರು ವರ್ಷ ಕ್ಯಾಮೆರಾ ಕೋಣೆಯಲ್ಲಿ ಕೂತು, ಬೇರೆಯವರು ಎಲೆ ಹಾಕುವುದನ್ನು ನೋಡಿದ್ದೇನೆ. ಎರಡೂ ಕಡೆ ಕಲಿತದ್ದು ಒಂದೇ. ಯಾರು ಎಷ್ಟು ಸೋತರು ಅನ್ನುವುದರಿಂದ ಮೋಸ ಗೊತ್ತಾಗುವುದಿಲ್ಲ. ಕೈ ಮಾಡಬೇಕಾದ ಕೆಲಸವನ್ನು ಕ್ರಮ ತಪ್ಪಿ ಮಾಡಿದಾಗ ಗೊತ್ತಾಗುತ್ತದೆ.

ಮೊದಲು ಒಂಬತ್ತರ ಲೆಕ್ಕ ಮುಗಿಸೋಣ. ಬ್ಲ್ಯಾಕ್‌ಜಾಕ್‌ನಲ್ಲಿ ಸಮ ಆದ ಸುತ್ತುಗಳನ್ನು ಬಿಟ್ಟರೆ, ಚೆನ್ನಾಗಿ ಆಡುವವರೂ 100ಕ್ಕೆ ಸುಮಾರು 53 ಸುತ್ತು ಸೋಲುತ್ತಾರೆ. ಮೊದಲ ಎರಡೇ ಎಲೆಯಲ್ಲಿ ಇಪ್ಪತ್ತೊಂದು ಬಿದ್ದಾಗ (ಅದನ್ನೇ ಬ್ಲ್ಯಾಕ್‌ಜಾಕ್ ಅನ್ನುವುದು) ಸಾಮಾನ್ಯವಾಗಿ ಒಂದೂವರೆ ಪಟ್ಟು ಸಿಗುತ್ತದೆ, ಒಳ್ಳೆ ಎಲೆ ಬಂದಾಗ ಬೆಟ್ ಇಮ್ಮಡಿ ಮಾಡಬಹುದು, ಹಾಗಾಗಿ ದುಡ್ಡಿನ ಲೆಕ್ಕದಲ್ಲಿ ಕ್ಯಾಸಿನೊದ ಪಾಲು ಕಡಿಮೆ ಕಾಣುತ್ತದೆ ಅಷ್ಟೇ. ಸುತ್ತುಗಳ ಲೆಕ್ಕದಲ್ಲಿ ನೀವು ಜಾಸ್ತಿ ಸೋಲುವವರೇ. ಒಂದು ಸಂಜೆ 300 ಸುತ್ತು ಆಡಿದರೆ, ಎಲ್ಲೋ ಒಂದು ಕಡೆ ಸತತ ಒಂಬತ್ತು ಸೋಲು ಬರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಕೂತಿರುವವರಿಗೆ ಅದು ಎಷ್ಟು ಕ್ರೂರ ಅನ್ನಿಸುತ್ತದೆ ಅಂತ ನನಗೆ ಗೊತ್ತು, ಎದುರಿಗೆ ನಿಂತು ಆ ಮುಖಗಳನ್ನು ನೋಡಿದ್ದೇನೆ. ಆದರೆ ಅದು ಮೋಸಕ್ಕೆ ಸಾಕ್ಷಿ ಅಲ್ಲ.

ಡೀಲರ್ ಬದಲಾಗಿದ್ದೂ ಅಷ್ಟೇ. ನೀವು ಗೆಲ್ಲುತ್ತಿದ್ದಿರಿ ಅಂತ ಬದಲಾಯಿಸಿದ್ದಲ್ಲ. ಇಪ್ಪತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಡೀಲರ್‌ಗಳು ಬದಲಾಗುತ್ತಲೇ ಇರುತ್ತಾರೆ. ಒಂದು, ಕಣ್ಣು ದಣಿಯುತ್ತದೆ. ಇನ್ನೊಂದು, ಒಬ್ಬ ಡೀಲರ್ ಒಂದೇ ಟೇಬಲ್‌ನಲ್ಲಿ ಹೊತ್ತುಗಟ್ಟಲೆ ನಿಂತರೆ ಆಟಗಾರರ ಜೊತೆ ಶಾಮೀಲಾಗುವುದು ಸುಲಭ. ಅಂದರೆ ಮೋಸ ತಡೆಯಲೇ ಮಾಡಿದ ಏರ್ಪಾಡು ಅದು. ಟೇಬಲ್ ಬಿಡುವಾಗ ಡೀಲರ್ ಎರಡೂ ಕೈ ತಟ್ಟಿ, ಅಂಗೈ ಮೇಲೆ ಕೆಳಗೆ ತಿರುಗಿಸಿ ತೋರಿಸುತ್ತಾರಲ್ವಾ? ಅದು ನಿಮಗೆ ಮಾಡುವ ನಮಸ್ಕಾರ ಅಲ್ಲ. ಕೈಯಲ್ಲಿ ಚಿಪ್ಸ್ ಇಲ್ಲ ಅಂತ ಮೇಲಿನ ಕ್ಯಾಮೆರಾಗೆ ಕೊಡುವ ಲೆಕ್ಕ.

ಈಗ ಆ 20ರ ವಿಷಯ.

ನೀವು ಸುಮ್ಮನಾಗಬಾರದಿತ್ತು. ಎಲೆ ಎತ್ತಿಬಿಟ್ಟರು, ಇನ್ನೇನು ಮಾಡೋದು ಅಂದುಕೊಂಡಿರಿ. ಬಹಳ ಜನ ಹಾಗೇ ಅಂದುಕೊಳ್ಳುತ್ತಾರೆ. ನಿಜ ಏನೆಂದರೆ ಎತ್ತಿದ ಎಲೆಗಳನ್ನು ವಾಪಸ್ ಇಡಬಹುದು. ಡೀಲರ್ ಎಲೆಗಳನ್ನು ಹೇಗೆ ಬೇಕೋ ಹಾಗೆ ಬಾಚಿಕೊಳ್ಳುವುದಿಲ್ಲ. ಒಂದು ಕಡೆಯಿಂದ ಶುರು ಮಾಡಿ, ಒಬ್ಬೊಬ್ಬರ ಎಲೆಗಳನ್ನು ಒಂದರ ಕೆಳಗೊಂದು ಸೇರಿಸಿ, ಅದೇ ಕ್ರಮದಲ್ಲಿ ಟ್ರೇನಲ್ಲಿ ಇಡುತ್ತಾರೆ. ಹಾಗೆ ಇಡುವುದೇ ತಕರಾರು ಬಂದಾಗ ಬಿಚ್ಚಿ ತೋರಿಸಲಿ ಅಂತ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ರಾತ್ರಿ ಪಾಳಿಯ ಕೊನೆ, ಟೇಬಲ್ ತುಂಬಿತ್ತು. ಮೂರನೇ ಜಾಗದಲ್ಲಿ ಒಬ್ಬರು ಹೆಂಗಸು ಕೂತಿದ್ದರು. ಅವರ ಎಲೆ ಏಳು, ಆರು, ಎಂಟು. ನನ್ನದು ರಾಜ ಮತ್ತು ಹತ್ತು, ಇಪ್ಪತ್ತು. ಏಳು-ಆರು-ಎಂಟನ್ನು ನನ್ನ ದಣಿದ ತಲೆ ಹತ್ತೊಂಬತ್ತು ಅಂತ ಓದಿತು. ಚಿಪ್ಸ್ ಎಳೆದೆ, ಎಲೆ ಎತ್ತಿದೆ. ಅವರು ಕೂಗಲಿಲ್ಲ. ನನ್ನ ಕೈ ಮುಟ್ಟಲಿಲ್ಲ. ತಮ್ಮ ಅಂಗೈಯನ್ನು ಬೆಟ್ ಇಡುವ ವೃತ್ತದ ಪಕ್ಕ ಇಟ್ಟು, "ಒಂದು ನಿಮಿಷ, ನನ್ನದು ಇಪ್ಪತ್ತೊಂದಿತ್ತು, ವಾಪಸ್ ಇಟ್ಟು ತೋರಿಸಿ" ಅಂದರು. ನಾನು ಅಲ್ಲೇ ನಿಂತೆ. ಮೇಲ್ವಿಚಾರಕರನ್ನು ಕರೆದೆ. ಅವರ ಮುಂದೆ ಟ್ರೇನಿಂದ ಎಲೆಗಳನ್ನು ಕಡೆಯಿಂದ ಮೊದಲಿಗೆ ಬಿಚ್ಚುತ್ತಾ ಹೋದೆ. ಎಂಟು ಬಂತು, ಆರು ಬಂತು, ಏಳು ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ, ಅವರ ದುಡ್ಡು ಅವರಿಗೆ ಸಿಕ್ಕಿತು. ನಾನು ಮೋಸ ಮಾಡಿರಲಿಲ್ಲ. ಆದರೆ ಅವರು ಬಾಯಿ ಬಿಡದೇ ಹೋಗಿದ್ದರೆ ಅವರ ಪಾಲಿಗೆ ಎರಡೂ ಒಂದೇ ಆಗುತ್ತಿತ್ತು.

ಲೈಸೆನ್ಸ್ ಇರುವ ಕ್ಯಾಸಿನೊದಲ್ಲಿ ನೀವು ನೋಡುವ ತಪ್ಪುಗಳಲ್ಲಿ ಬಹುಪಾಲು ಇಂಥವೇ. ಕೂಡುವುದರಲ್ಲಿ ತಪ್ಪು, ಕೊಡುವುದರಲ್ಲಿ ತಪ್ಪು. ಒಂದು ಅಂತಲೂ ಹನ್ನೊಂದು ಅಂತಲೂ ಎಣಿಸಬಹುದಾದ ಎಕ್ಕದ ಜೊತೆ ಮೂರು ನಾಲ್ಕು ಸಣ್ಣ ಎಲೆ ಸೇರಿದಾಗ ಇದು ಜಾಸ್ತಿ. ಅದಕ್ಕೇ ನಿಮ್ಮ ಎಲೆ ನೀವೇ ಕೂಡಿಟ್ಟುಕೊಳ್ಳಿ. ಡೀಲರ್ ಹೇಳುವವರೆಗೆ ಕಾಯಬೇಡಿ.

ತಕರಾರು ಹೇಗೆ ತೆಗೆಯಬೇಕು ಅಂದರೆ, ತಕ್ಷಣ. ಮುಂದಿನ ಸುತ್ತಿನ ಮೊದಲ ಎಲೆ ಬೀಳುವ ಮುಂಚೆ. ಆಟ ಮುಂದೆ ಹೋದಷ್ಟೂ ಹಿಂದಿನದನ್ನು ಬಿಚ್ಚುವುದು ಕಷ್ಟ. ಎಲೆ ಮುಟ್ಟಬೇಡಿ, ಚಿಪ್ಸ್ ಹಿಂದಕ್ಕೆ ಎಳೆದುಕೊಳ್ಳಬೇಡಿ. ನಿಮ್ಮದೇ ದುಡ್ಡಾದರೂ ಸರಿ. ಸುತ್ತು ಶುರುವಾದ ಮೇಲೆ ಬೆಟ್ ಮುಟ್ಟಿದರೆ ಕ್ಯಾಮೆರಾದಲ್ಲಿ ಕಳ್ಳರ ಹಾಗೆ ಕಾಣುವವರು ನೀವು. "ಮೋಸ" ಅನ್ನುವ ಪದ ಬಳಸಬೇಡಿ. "ಲೆಕ್ಕ ತಪ್ಪಿದೆ, ಮೇಲ್ವಿಚಾರಕರನ್ನು ಕರೆಯಿರಿ" ಅಷ್ಟು ಸಾಕು. ಮೋಸ ಅಂದ ಕೂಡಲೇ ಎದುರಿಗಿರುವವರು ತಮ್ಮ ಮಾನ ಕಾಪಾಡಿಕೊಳ್ಳುವ ಕೆಲಸಕ್ಕೆ ಇಳಿಯುತ್ತಾರೆ, ನಿಮ್ಮ ಎಲೆ ನೋಡುವ ಕೆಲಸ ಹಿಂದೆ ಬೀಳುತ್ತದೆ. ಎಲೆ ಬಿಚ್ಚಿ ಸ್ಪಷ್ಟವಾಗದಿದ್ದರೆ ಕ್ಯಾಮೆರಾ ನೋಡಿ ಅಂತ ಕೇಳಿ. ಇದು ದೊಡ್ಡ ಬೇಡಿಕೆ ಏನಲ್ಲ, ನಮ್ಮ ಕೋಣೆಗೆ ದಿನಾ ಇಂಥ ಫೋನ್ ಬರುತ್ತಿತ್ತು. ದೃಶ್ಯವನ್ನು ನಿಮಗೆ ತೋರಿಸದೇ ಇರಬಹುದು. ಆದರೆ ನೋಡಿ ತೀರ್ಮಾನ ಹೇಳಬೇಕು. ಟೇಬಲ್ ನಂಬರ್, ಗಂಟೆ, ಡೀಲರ್ ಬ್ಯಾಡ್ಜ್‌ನ ಹೆಸರು ಬರೆದಿಟ್ಟುಕೊಳ್ಳಿ. ಟೇಬಲ್‌ನಲ್ಲಿ ಫೋನ್ ತೆಗೆದರೆ ಅದೇ ಒಂದು ಜಗಳವಾಗುತ್ತದೆ, ಎದ್ದು ಆಚೆ ಹೋಗಿ ಬರೆಯಿರಿ.

ಅಲ್ಲೂ ಬಗೆಹರಿಯದಿದ್ದರೆ ಕ್ಯಾಸಿನೊ ಆಡಳಿತಕ್ಕೆ ಲಿಖಿತ ದೂರು, ಅದರಾಚೆ ಲೈಸೆನ್ಸ್ ಕೊಟ್ಟ ಪ್ರಾಧಿಕಾರ. ಎಲ್ಲಾ ಕಡೆ ನಿಯಮ ಒಂದೇ ಥರ ಇಲ್ಲ. ಅಮೆರಿಕದ ನೆವಾಡಾದಲ್ಲಿ 500 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಮೊತ್ತದ ತಕರಾರು ಆಟಗಾರರ ಜೊತೆ ಬಗೆಹರಿಯದಿದ್ದರೆ, ಕ್ಯಾಸಿನೊ ತಾನೇ ಗೇಮಿಂಗ್ ಕಂಟ್ರೋಲ್ ಬೋರ್ಡ್‌ಗೆ ತಕ್ಷಣ ತಿಳಿಸಬೇಕು. ಅದಕ್ಕಿಂತ ಕಡಿಮೆಯಾದರೆ, ಬೋರ್ಡ್‌ಗೆ ಹೋಗುವ ಹಕ್ಕು ನಿಮಗಿದೆ ಅಂತ ನಿಮಗೆ ಹೇಳಬೇಕು. ಬ್ರಿಟನ್‌ನಲ್ಲಿ ಕ್ಯಾಸಿನೊ ಮತ್ತು ಆಟಗಾರರ ನಡುವಿನ ವ್ಯಾಜ್ಯವನ್ನು ಹೊರಗಿನ ಮೂರನೆಯವರು ಉಚಿತವಾಗಿ ನೋಡುವ ಏರ್ಪಾಡಿದೆ. ನೀವು ಆಡಿದ ಜಾಗಕ್ಕೆ ಲೈಸೆನ್ಸ್ ಕೊಟ್ಟವರು ಯಾರು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಅದನ್ನು ಹೇಳಲು ತಡವರಿಸುವ ಜಾಗದಲ್ಲಿ ಒಂದು ಚಿಪ್ ಕೂಡ ಕೊಳ್ಳಬೇಡಿ.

ಮೂರನೆಯದು, ಪಕ್ಕದವನ ಕಣ್ಸನ್ನೆ. ಇರಬಹುದು, ಇಲ್ಲದಿರಬಹುದು. ಇದ್ದರೂ ಅವನ ಗುರಿ ಬಹುಶಃ ನೀವಲ್ಲ. ಬ್ಲ್ಯಾಕ್‌ಜಾಕ್, ಬ್ಯಾಕರಾಟ್ (ಪ್ಲೇಯರ್, ಬ್ಯಾಂಕರ್ ಅನ್ನುವ ಎರಡು ಕಡೆಗಳಲ್ಲಿ ಯಾವುದು ಗೆಲ್ಲುತ್ತದೆ ಅಂತ ಬೆಟ್ ಕಟ್ಟುವ ಎಲೆಯಾಟ) ಟೇಬಲ್‌ಗಳಲ್ಲಿ ದೊಡ್ಡ ಮೋಸಗಳು ನಡೆದಿರುವುದು ಆಟಗಾರರು ಮತ್ತು ಡೀಲರ್ ಸೇರಿಕೊಂಡು ಕ್ಯಾಸಿನೊಗೆ. 2002ರಿಂದ 2007ರವರೆಗೆ ಅಮೆರಿಕ, ಕೆನಡಾದ ಕ್ಯಾಸಿನೊಗಳಲ್ಲಿ ಟ್ರಾನ್ ಆರ್ಗನೈಸೇಷನ್ ಅಂತ ಒಂದು ಗುಂಪು ಕೆಲಸ ಮಾಡಿತು. ಮುಖ್ಯವಾಗಿ ಮಿನಿ ಬ್ಯಾಕರಾಟ್ ಟೇಬಲ್‌ಗಳಲ್ಲಿ. ಅವರು ಡೀಲರ್‌ಗಳಿಗೆ ಲಂಚ ಕೊಟ್ಟು ಒಂದೇ ಒಂದು ಕೆಲಸ ಮಾಡಿಸಿದರು. ಕಲಸುವ ಹಾಗೆ ನಟಿಸಿ, ಎಲೆಗಳ ಒಂದು ಕಂತೆಯನ್ನು ಹಾಗೇ ಉಳಿಸುವುದು. ಆ ಕಂತೆಯ ಎಲೆಗಳ ಕ್ರಮವನ್ನು ಗುಂಪಿನ ಒಬ್ಬ ಮೊದಲೇ ಬರೆದುಕೊಂಡಿರುತ್ತಿದ್ದ. ಕಂತೆ ಮತ್ತೆ ಬಂದಾಗ ಯಾವ ಕಡೆ ಗೆಲ್ಲುತ್ತದೆ ಅಂತ ಅವರಿಗೆ ಗೊತ್ತಿರುತ್ತಿತ್ತು, ಆಗ ಬೆಟ್ ಏರುತ್ತಿತ್ತು. ಕೋಟ್ಯಂತರ ದುಡ್ಡು ಹೋಯಿತು, ಕೊನೆಗೆ ಬಹಳ ಜನ ಜೈಲು ಸೇರಿದರು. ಅದೇ ಟೇಬಲ್‌ನಲ್ಲಿ ಕೂತಿದ್ದ ಬೇರೆ ಆಟಗಾರರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ.

ಹಾಗಂತ ನಿಮಗೇನು ನಷ್ಟ ಇಲ್ಲ ಅಂತ ಕೂತಿರಬೇಡಿ. ಅಂಥ ಟೇಬಲ್‌ನಲ್ಲಿ ತನಿಖೆ ಬಂದರೆ ಎಲ್ಲರ ಮುಖವೂ ದೃಶ್ಯದಲ್ಲಿ ಇರುತ್ತದೆ. ಎದ್ದು ಬೇರೆ ಕಡೆ ಹೋಗಿ. ಕಂಡದ್ದನ್ನು ಮೇಲ್ವಿಚಾರಕರಿಗೆ ಮೆಲ್ಲಗೆ ಹೇಳಿದರೆ ಅವರು ಕ್ಯಾಮೆರಾ ಕೋಣೆಗೆ ತಿಳಿಸುತ್ತಾರೆ. ಟೇಬಲ್‌ನಲ್ಲೇ ಬೆರಳು ತೋರಿಸಿ ಹೇಳಬೇಡಿ.

ಪೋಕರ್ ಮಾತ್ರ ಪೂರ್ತಿ ಬೇರೆ. ಅಲ್ಲಿ ಕ್ಯಾಸಿನೊ ತನ್ನ ಕಮಿಷನ್ ತೆಗೆದುಕೊಂಡು ಪಕ್ಕಕ್ಕೆ ನಿಲ್ಲುತ್ತದೆ, ಆಟಗಾರರು ಒಬ್ಬರ ದುಡ್ಡು ಒಬ್ಬರು ಗೆಲ್ಲುತ್ತಾರೆ. ಇಬ್ಬರು ಒಳಗೊಳಗೇ ಒಂದಾದರೆ ಗುರಿ ನೀವೇ. ನೋಡಲು ಹೀಗಿರುತ್ತದೆ: ನಿಮ್ಮ ಎಡಗಡೆಯವನು ಬೆಟ್ ಏರಿಸುತ್ತಾನೆ, ಬಲಗಡೆಯವನು ಮತ್ತೆ ಏರಿಸುತ್ತಾನೆ, ನೀವು ಮಧ್ಯೆ ಸಿಕ್ಕಿ ಎಲೆ ಬಿಟ್ಟುಕೊಡುತ್ತೀರಿ. ನೀವು ಹೊರಗೆ ಹೋದ ಕ್ಷಣವೇ ಅವರಿಬ್ಬರ ಆವೇಶ ತಣ್ಣಗಾಗುತ್ತದೆ. ಮತ್ತೆ ಏರಿಸುವುದಿಲ್ಲ, ಒಬ್ಬ ಎಲೆ ತೋರಿಸದೇ ಬಿಡುತ್ತಾನೆ. ಒಂದು ಸಲ ಆದರೆ ಏನೂ ಅಲ್ಲ. ಅದೇ ಇಬ್ಬರ ನಡುವೆ ನಾಲ್ಕು ಸಲ ಆದರೆ ಗಮನಿಸಿ. ಒಬ್ಬ ತನ್ನ ಎಲೆ ನೋಡಿದ ಮೇಲೆ ಅದರ ಮೇಲೆ ಚಿಪ್ ಇಡುವ ಜಾಗ ಬದಲಾಗುತ್ತಾ, ಇನ್ನೊಬ್ಬ ತನ್ನ ಎಲೆ ನೋಡುವುದಕ್ಕಿಂತ ಮೊದಲು ಅವನ ಕೈ ನೋಡುತ್ತಾನಾ, ಅಂತ. ಬಹಳ ಪೋಕರ್ ಕೋಣೆಗಳಲ್ಲಿ, ಕೊನೆಯ ಬೆಟ್‌ಗೆ ಸಮ ಹಣ ಹಾಕಿ ಸೋತವನ ಎಲೆಯನ್ನು ತೋರಿಸಿ ಅಂತ ಡೀಲರ್‌ಗೆ ಕೇಳುವ ಹಕ್ಕು ಇರುತ್ತದೆ. ಇಂಥ ಅನುಮಾನಕ್ಕೆ ಅಂತಲೇ ಇರುವ ನಿಯಮ ಅದು. ಒಂದೆರಡು ಸಲ ಬಳಸಿ. ಶಾಮೀಲಾಗಿರುವ ಜೋಡಿ ಅದಾದ ಮೇಲೆ ಸಾಮಾನ್ಯವಾಗಿ ಬೇರೆ ಟೇಬಲ್ ಹುಡುಕುತ್ತದೆ.

ಡೀಲರ್ ಆಟಗಾರನಿಗೇ ಮೋಸ ಮಾಡುವುದು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬ್ಲ್ಯಾಕ್‌ಜಾಕ್‌ನಲ್ಲಿ ಎಲೆ ಎಣಿಸಿ, ಅಂದರೆ ಯಾವ ಎಲೆಗಳು ಆಗಲೇ ಬಿದ್ದವು ಅಂತ ಲೆಕ್ಕ ಇಟ್ಟು, ಗೆಲ್ಲಬಹುದು ಅಂತ ಗಣಿತದಿಂದ ತೋರಿಸಿದ ಎಡ್ವರ್ಡ್ ಥಾರ್ಪ್, 1960ರ ದಶಕದಲ್ಲಿ ನೆವಾಡಾದ ಟೇಬಲ್‌ಗಳಲ್ಲಿ ಡೀಲರ್‌ಗಳ ಕೈಚಳಕಕ್ಕೆ ತಾವೇ ಸಿಕ್ಕಿಬಿದ್ದದ್ದನ್ನು ಬರೆದಿದ್ದಾರೆ. ಆಗ ಒಂದೇ ಕಟ್ಟನ್ನು ಕೈಯಲ್ಲಿ ಹಿಡಿದು ಹಂಚುತ್ತಿದ್ದರು. ಮೋಸಕ್ಕೆ ಬೇಕಾದದ್ದು ಅದೇ.

ಅಂಥ ಒಂದು ಕೈಚಳಕಕ್ಕೆ ಎರಡನೇ ಎಲೆ ಹಂಚುವುದು ಅನ್ನುತ್ತಾರೆ. ಮೇಲಿನ ಎಲೆ ಯಾವುದು ಅಂತ ಡೀಲರ್ ಕದ್ದು ನೋಡಿರುತ್ತಾನೆ, ಅದು ತನಗೇ ಬೇಕು. ಎಡಗೈ ಹೆಬ್ಬೆರಳು ಮೇಲಿನ ಎಲೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳುತ್ತದೆ, ಬಲಗೈ ಅದರ ಕೆಳಗಿನ ಎಲೆಯನ್ನು ಎಳೆಯುತ್ತದೆ, ಹೆಬ್ಬೆರಳು ಮೇಲಿನದನ್ನು ಸ್ವಸ್ಥಾನಕ್ಕೆ ತರುತ್ತದೆ. ಎದುರಿಗೆ ಕೂತವರಿಗೆ ಎಲೆ ಬಂತು ಅಷ್ಟೇ. ಕ್ಯಾಮೆರಾ ಕೋಣೆಯಲ್ಲಿ ನಮಗೆ ಕಲಿಸಿದ್ದು, ಬರುವ ಎಲೆ ನೋಡಬೇಡಿ, ಉಳಿದಿರುವ ಮೇಲಿನ ಎಲೆಯ ಬೆನ್ನು ನೋಡಿ. ಪ್ರತಿ ಎಲೆ ಹೋದಾಗಲೂ ಆ ಬೆನ್ನಿನ ಚಿತ್ತಾರದ ಅಂಚು ಒಂದಿಷ್ಟು ಬದಲಾಗಬೇಕು, ಯಾಕೆಂದರೆ ಎರಡು ಎಲೆ ಒಂದೇ ರೀತಿ ಕೂತಿರುವುದಿಲ್ಲ. ಎಲೆ ಹೋಯಿತು, ಆದರೆ ಮೇಲಿನ ಬೆನ್ನು ಅದೇ ಜಾಗದಲ್ಲಿ ಅದೇ ಓರೆಯಲ್ಲಿ ಇದೆ ಅಂದರೆ ಹೋದದ್ದು ಮೇಲಿನದಲ್ಲ. ಶಬ್ದವೂ ಬೇರೆ. ಎರಡು ಎಲೆಗಳ ನಡುವಿನಿಂದ ಎಳೆದಾಗ ಉಜ್ಜಿದ ಸದ್ದು ಒಂಚೂರು ಜಾಸ್ತಿ.

ಇವತ್ತು ಆರು ಅಥವಾ ಎಂಟು ಕಟ್ಟು ಸೇರಿಸಿ, ಶೂ ಅನ್ನುವ ಪೆಟ್ಟಿಗೆಯಿಂದ ಎಲೆ ತೆಗೆಯುವುದೇ ಹೆಚ್ಚು. ಆರು ಕಟ್ಟು ಅಂದರೆ 312 ಎಲೆ. ಕೈಚಳಕಕ್ಕೆ ಜಾಗ ಬಹಳ ಕಡಿಮೆ. ನೀವು ನೋಡಬೇಕಾದದ್ದು ಕ್ರಮ. ಹೊಸ ಕಟ್ಟನ್ನು ಟೇಬಲ್ ಮೇಲೆ ಉದ್ದಕ್ಕೆ ಹರಡಿ ತೋರಿಸಿದರಾ? ಕಲಸಿದ ಮೇಲೆ ಯಾರಾದರೂ ಆಟಗಾರರ ಕೈಗೆ ಪ್ಲಾಸ್ಟಿಕ್ ಎಲೆ ಕೊಟ್ಟು ಕಟ್ ಮಾಡಿಸಿದರಾ? ಡೀಲರ್ ಕೈ ಸುಮ್ನೆ ಮೈ ಮೇಲೆ, ಮುಖದ ಮೇಲೆ, ಜೇಬಿನ ಹತ್ತಿರ ಹೋಗುತ್ತಿದೆಯಾ? ಇವುಗಳಲ್ಲಿ ಒಂದು ತಪ್ಪಿದರೂ ಕೇಳಿ. ಕೇಳುವುದು ನಿಮ್ಮ ಹಕ್ಕು, ಒಳ್ಳೆ ಡೀಲರ್ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ದೊಡ್ಡ ಕ್ಯಾಸಿನೊಗೆ ಮೋಸ ಮಾಡುವ ಅಗತ್ಯವೂ ಇಲ್ಲ. ಲಾಭ ನಿಯಮದಲ್ಲೇ ಇದೆ. ಬ್ಲ್ಯಾಕ್‌ಜಾಕ್ ಬಿದ್ದಾಗ ಎರಡಕ್ಕೆ ಮೂರರ ಲೆಕ್ಕದಲ್ಲಿ ಕೊಟ್ಟರೆ 100ಕ್ಕೆ 150 ಬರುತ್ತದೆ. ಐದಕ್ಕೆ ಆರರ ಲೆಕ್ಕದಲ್ಲಿ ಕೊಟ್ಟರೆ 120. ಈ ಒಂದು ಬದಲಾವಣೆಯಿಂದಲೇ ಕ್ಯಾಸಿನೊದ ಪಾಲು, ಅಂದರೆ ನೀವು ಕಟ್ಟಿದ ದುಡ್ಡಿನಲ್ಲಿ ಸರಾಸರಿ ಅದಕ್ಕೆ ಉಳಿಯುವ ಭಾಗ, 100ಕ್ಕೆ 1.4ರಷ್ಟು ಏರುತ್ತದೆ. ಒಳ್ಳೆ ನಿಯಮದ ಟೇಬಲ್‌ನಲ್ಲಿ ಸರಿಯಾಗಿ ಆಡುವವರ ಎದುರು ಒಟ್ಟು ಪಾಲೇ ಶೇ. 0.5ರ ಆಸುಪಾಸು, ಅಂದರೆ ಮೂರು ಪಟ್ಟಿಗಿಂತ ಜಾಸ್ತಿ ಆಯಿತು. ಬ್ಯಾಕರಾಟ್‌ನಲ್ಲಿ ಬ್ಯಾಂಕರ್ ಮೇಲೆ ಕಟ್ಟಿದರೆ ಶೇ. 1.06, ಸಮ ಆಗುತ್ತದೆ ಅಂತ ಕಟ್ಟಿದರೆ ಶೇ. 14ಕ್ಕಿಂತ ಹೆಚ್ಚು. ಈ ಪಾಲನ್ನು ಯಾರೂ ಬರೆದಿಡುವುದಿಲ್ಲ, ಆದರೆ ಎಷ್ಟಕ್ಕೆ ಎಷ್ಟು ಕೊಡುತ್ತಾರೆ ಅನ್ನುವುದು ಸಾಮಾನ್ಯವಾಗಿ ಟೇಬಲ್ ಬಟ್ಟೆಯ ಮೇಲೆ, ಬೋರ್ಡ್ ಮೇಲೆ ಅಚ್ಚಾಗಿರುತ್ತದೆ. ಕೂರುವ ಮುಂಚೆ ಓದಿ.

ನಾನು ನಿಜಕ್ಕೂ ಹೆದರುವುದು ಲೈಸೆನ್ಸ್ ಇಲ್ಲದ ಆಟಗಳಿಗೆ. ಯಾರದೋ ಫ್ಲ್ಯಾಟ್, ಹೋಟೆಲ್ ಕೋಣೆ. ಪರಿಚಯದವರೊಬ್ಬರು ಕರೆದುಕೊಂಡು ಹೋಗುತ್ತಾರೆ, ಮೊದಲ ಎರಡು ಸಲ ನೀವೇ ಗೆಲ್ಲುತ್ತೀರಿ. ಅಲ್ಲಿ ಕ್ಯಾಮೆರಾ ಇಲ್ಲ, ದೂರು ಕೊಡಲು ಯಾರೂ ಇಲ್ಲ, ಎಲೆ ಅವರದೇ. ಅಂಥ ಕಟ್ಟು ಕೈಗೆ ಸಿಕ್ಕಿದರೆ ಬೆನ್ನು ಮೇಲೆ ಮಾಡಿ ಹಿಡಿದು, ಹೆಬ್ಬೆರಳಿನಿಂದ ಪುಸ್ತಕದ ಹಾಳೆಗಳ ಹಾಗೆ ಬರಬರ ಬಿಡಿ, ಕಣ್ಣು ಒಂದೇ ಮೂಲೆಯ ಮೇಲಿರಲಿ. ಚಿತ್ತಾರ ಅಲ್ಲಾಡದೆ ನಿಂತಿದ್ದರೆ ಸರಿ. ಅದರೊಳಗೆ ಒಂದು ಚುಕ್ಕಿಯೋ ಗೆರೆಯೋ ಕುಣಿದರೆ ಎಲೆ ಗುರುತು ಮಾಡಿದ್ದಾರೆ. ಕುಣಿಯದಿದ್ದರೂ ಎಲ್ಲಾ ಸರಿ ಅಂತಲ್ಲ. ಉಗುರಿನ ಗೀರು, ಮೂಲೆಯ ಸಣ್ಣ ಬಾಗು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಅಲ್ಲಿ ಜಗಳ ಆಡಬೇಡಿ, ನೆಪ ಹೇಳಿ ಹೊರಡಿ. ಸೋತ ದುಡ್ಡಿಗಿಂತ ನೀವು ಮುಖ್ಯ.

ಇನ್ನೊಂದು ಕಡೆಯಿಂದಲೂ ಹುಷಾರಾಗಿರಿ. ಮೋಸ ಅಂದರೆ ಏನು ಅಂತ ಆಟಗಾರರಿಗೇ ಗೊಂದಲ ಇರುತ್ತದೆ. ಮನಸ್ಸಿನಲ್ಲೇ ಎಲೆ ಎಣಿಸುವುದು ನೆವಾಡಾದಲ್ಲಿ ಅಪರಾಧ ಅಲ್ಲ, ಕ್ಯಾಸಿನೊ ನಿಮ್ಮನ್ನು ಆಡಬೇಡಿ ಅನ್ನಬಹುದು ಅಷ್ಟೇ. ಅದಕ್ಕೆ ಫೋನ್ ಅಥವಾ ಯಾವುದಾದರೂ ಯಂತ್ರ ಬಳಸಿದರೆ ಅಪರಾಧ. ಪೋಕರ್ ಆಟಗಾರ ಫಿಲ್ ಐವಿ 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಯಾಸಿನೊದಲ್ಲಿ ಬ್ಯಾಕರಾಟ್ ಥರದ್ದೇ ಆದ ಪುಂಟೊ ಬ್ಯಾಂಕೊ ಆಡಿ ಸುಮಾರು 77 ಲಕ್ಷ ಪೌಂಡ್ ಗೆದ್ದರು. ಎಲೆಗಳ ಬೆನ್ನಿನ ಚಿತ್ತಾರ ಒಂದು ಉದ್ದಂಚಿನಲ್ಲಿ ಒಂಥರಾ, ಇನ್ನೊಂದರಲ್ಲಿ ಇನ್ನೊಂಥರಾ ಕತ್ತರಿಸಿ ಹೋಗಿತ್ತು. ಜೊತೆಗಿದ್ದವರು ಅದೃಷ್ಟದ ನೆಪ ಹೇಳಿ, ಬೇಕಾದ ಎಲೆಗಳನ್ನು ಮಾತ್ರ ತಿರುಗಿಸಿ ಇಡುವಂತೆ ಡೀಲರ್‌ಗೆ ಕೇಳಿಕೊಂಡರು. ಆಮೇಲೆ ಆ ಎಲೆಗಳು ಬೆನ್ನಿನಿಂದಲೇ ಗೊತ್ತಾಗುತ್ತಿದ್ದವು. ಎಲೆಯನ್ನು ಇವರು ಮುಟ್ಟಲೇ ಇಲ್ಲ. ಕ್ಯಾಸಿನೊ ದುಡ್ಡು ಕೊಡಲಿಲ್ಲ. 2017ರಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಅದನ್ನು ಮೋಸ ಅಂತಲೇ ತೀರ್ಪು ಕೊಟ್ಟಿತು. ನಾನು ಮಾಡಿದ್ದು ಸರಿ ಅಂತ ಐವಿ ಮನಸಾರೆ ನಂಬಿದ್ದರೂ ಅದರಿಂದ ಉಪಯೋಗ ಆಗಲಿಲ್ಲ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಅನುಮಾನ ಬಂದ ಟೇಬಲ್‌ನಲ್ಲಿ ಕಳ್ಳನನ್ನು ಹಿಡಿಯುತ್ತೇನೆ ಅಂತ ಕೂರಬೇಡಿ. ಒಬ್ಬರು ಹಿರಿಯರು ಹಾಗೆ ಕೂತಿದ್ದನ್ನು ನಾನು ತೆರೆಯ ಮೇಲೆ ಮೂರು ಗಂಟೆ ನೋಡಿದ್ದೇನೆ. ಡೀಲರ್ ಮೇಲೆ ಕಣ್ಣು ನೆಟ್ಟು, ಪ್ರತಿ ಸುತ್ತಿಗೂ ಬೆಟ್ ಕಟ್ಟುತ್ತಾ, ಕೊನೆ ಚಿಪ್‌ವರೆಗೂ ಕೂತರು. ಅವರ ದೂರಿನ ಮೇಲೆ ನಾವು ಆ ಪೂರ್ತಿ ದೃಶ್ಯವನ್ನು ಮತ್ತೆ ನೋಡಿದೆವು. ಡೀಲರ್ ಕೈಯಲ್ಲಿ ಒಂದು ತಪ್ಪೂ ಇರಲಿಲ್ಲ. ಮೊದಲ ಅನುಮಾನಕ್ಕೇ ಎದ್ದು ಬಂದು ಹೇಳಿದ್ದರೆ ಅದೇ ದೃಶ್ಯ ನೋಡುತ್ತಿದ್ದೆವು, ಅವರ ಮುಕ್ಕಾಲು ದುಡ್ಡು ಉಳಿಯುತ್ತಿತ್ತು. ಇವತ್ತಿಗೂ ಅವರ ನೆನಪಾದರೆ ಸಂಕಟ ಆಗುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ತಿಂಗಳಾಗಿದೆ, ದೃಶ್ಯ ಅಳಿಸಿರುವ ಸಾಧ್ಯತೆ ಜಾಸ್ತಿ. ಬಹಳ ಕಡೆ ಕೆಲವು ದಿನ ಅಥವಾ ವಾರ ಇಟ್ಟು ಅಳಿಸುತ್ತಾರೆ. ಆದರೂ ದಿನಾಂಕ, ಅಂದಾಜು ಗಂಟೆ, ಟೇಬಲ್ ನಂಬರ್ ನೆನಪಿದ್ದರೆ ಬರೆದು ಕಳಿಸಿ. ಪತ್ರದಲ್ಲಿ ಒಂಬತ್ತು ಸೋಲಿನ ವಿಷಯ ಬೇಡ, ಕಣ್ಸನ್ನೆಯೂ ಬೇಡ. ಆ ಒಂದು ಸುತ್ತಿನ ಬಗ್ಗೆ ಮಾತ್ರ ಬರೆಯಿರಿ: ನನ್ನದು 20, ಡೀಲರ್‌ದು 19, ಇಷ್ಟು ಬೆಟ್, ಲೆಕ್ಕ ನೋಡಿ ಉತ್ತರ ಕೊಡಿ. ಮೆಂಬರ್ ಕಾರ್ಡ್ ಬಳಸಿ ಆಡಿದ್ದರೆ ಅದರ ನಂಬರನ್ನೂ ಹಾಕಿ, ನೀವು ಆ ಟೇಬಲ್‌ನಲ್ಲಿ ಕೂತಿದ್ದ ಹೊತ್ತು ಅವರ ದಾಖಲೆಯಲ್ಲಿ ಇರುತ್ತದೆ.